ಎಂಡ್‌ಲೈನ್ (ಕಲಿಸಿ ಆದಮೇಲಿನ ಪರೀಕ್ಷೆ) ನಾವೇ ಮಾಡೋದಾ, ಏಜೆನ್ಸಿಗೆ ಕೊಡೋದಾ? ಅನುಭವ ಇದ್ದವರು ಹೇಳಿ

ಸಂಜೆಶಾಲೆ: ಯಾದಗಿರಿ ಕಡೆ ಸರ್ಕಾರಿ ಶಾಲೆಗಳ 4, 5ನೇ ತರಗತಿ ಮಕ್ಕಳಿಗೆ ಸಂಜೆ ಓದು ಕಲಿಸುತ್ತೇವೆ. ಜೂನ್‌ನಲ್ಲಿ ಬೇಸ್‌ಲೈನ್ (ಕಲಿಸುವ ಮೊದಲಿನ ಪರೀಕ್ಷೆ) ಮುಗಿದಿದೆ. ದುಡ್ಡು ಕೊಡುವವರು ಫೆಬ್ರವರಿಗೆ ವರದಿ ಕೇಳಿದ್ದಾರೆ. ಯಾರ ಕೈಲಿ ಮಾಡಿಸೋಣ?

ಕಲ್ಬುರ್ಗಿಯವ: ಏಜೆನ್ಸಿ ಸಹವಾಸ ಬೇಡವೇ ಬೇಡ. ನಮಗೆ 3,40,000 ಅಂತ ಮಾತಾಗಿತ್ತು. ಬಿಲ್ ಬಂದಾಗ 18 ಪರ್ಸೆಂಟ್ ಜಿಎಸ್‌ಟಿ, ಅದೇ 61,200. ಲಾಡ್ಜು, ಜೀಪು ಬಾಡಿಗೆ ಬೇರೆ. ಬಂದವರು ಬೆಂಗಳೂರಿನ ಹುಡುಗರು. ‘ಪುಟ್ಟಾ, ಇದನ್ನ ಓದ್ತೀಯಾ?’ ಅಂದರೆ ನಮ್ಮ ಮಕ್ಕಳು ಪಿಳಿಪಿಳಿ ನೋಡಿದವು. ಒಬ್ಬ ಹುಡುಗಿಯನ್ನು ‘ಅಕ್ಷರ’ ಮಟ್ಟ, ಅಂದರೆ ಬರೀ ಅಕ್ಷರ ಗುರುತಿಸುತ್ತಾಳೆ ಅಂತ ಬರೆದುಕೊಂಡರು. ನಮ್ಮ ಕಾರ್ಯಕರ್ತೆ ಪಕ್ಕದಲ್ಲಿ ಕೂತು ‘ಓದವ್ವಾ’ ಅಂದಳು ನೋಡಿ, ಇಡೀ ಕಥೆ ಓದಿ ಮುಗಿಸಿದಳು. ವರದಿ 90 ಪುಟ. ಪೂರ್ತಿ ಇಂಗ್ಲಿಷು.

ಲೆಕ್ಕದಕ್ಕ: ಪಕ್ಕದಲ್ಲಿ ಕೂತು ಓದಿಸಿದರೆ ಅದು ಪರೀಕ್ಷೆಯಾ? ಅದಕ್ಕೇ ಹೊರಗಿನವರು ಬೇಕು ಅನ್ನೋದು. ನಾನು ಸೇರುವ ಮೊದಲು ನಮ್ಮಲ್ಲಿ ಕಲಿಸಿದವರೇ ಪರೀಕ್ಷೆ ಮಾಡುತ್ತಿದ್ದರು. ಜೂನ್‌ನಲ್ಲಿ ಕೊಟ್ಟ ಕಥೆಯೇ ಫೆಬ್ರವರಿಯಲ್ಲೂ. ಮಕ್ಕಳು ಹಾಳೆ ತಲೆಕೆಳಗೆ ಹಿಡಿದೂ ಓದಿದವು! ಹಳ್ಳಿ ಮಕ್ಕಳ ಓದು, ಲೆಕ್ಕ ನೋಡುವ ಅಸರ್ ಸಮೀಕ್ಷೆಯವರು ಒಂದೇ ಮಟ್ಟಕ್ಕೆ ಬೇರೆ ಬೇರೆ ಮಾದರಿ ಹಾಳೆ ಇಟ್ಟಿರೋದು ಸುಮ್ನೆ ಅಲ್ಲ.

ಇನ್ನೊಂದು ವಿಷಯ. ದಸರಾ ಆದಮೇಲೆ ಊರಲ್ಲಿ ಎಷ್ಟೋ ಮನೆಗೆ ಬೀಗ, ಎಲ್ಲರೂ ದುಡಿಯಲು ಬೆಂಗಳೂರಿಗೆ. ನಮ್ಮ 412 ಮಕ್ಕಳಲ್ಲಿ ಕೊನೆಗೆ ಸಿಕ್ಕಿದ್ದು 287. ಹೋದವರಲ್ಲಿ ಹಿಂದೆ ಬಿದ್ದವರೇ ಜಾಸ್ತಿ. ಹಾಗಾಗಿ ಏನೂ ಕಲಿಸದಿದ್ದರೂ ಸರಾಸರಿ ಮೇಲೇರುತ್ತದೆ! ಎರಡೂ ಸಲ ಸಿಕ್ಕ ಮಕ್ಕಳನ್ನು ಮಾತ್ರ ಹೋಲಿಸಿ ಅಂತ ಏಜೆನ್ಸಿಯವರು ಹಠ ಹಿಡಿದರು. ಏರಿಕೆ ಅರ್ಧಕ್ಕರ್ಧ ಇಳಿಯಿತು. ನಮ್ಮ ಟ್ರಸ್ಟಿಗಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಇರಲಿ.

ಕಲ್ಬುರ್ಗಿಯವ: ಅಸರ್ ಬೇರೆ, ಇದು ಬೇರೆ ಅಕ್ಕ. ಅವರು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ನೋಡಿ ಜಿಲ್ಲೆಯ ಚಿತ್ರ ಕೊಡ್ತಾರೆ. ನಿಮ್ಮ ತರಗತಿ ಹೇಗಿದೆ ಅಂತ ಹೇಳಲ್ಲ.

ಲೆಕ್ಕದಕ್ಕ: ಹಾಗಂತ ಯಾರು ಹೇಳಿದರು? ಸರಿಯಾಗಿ ಓದಿ. ನಾನು ಹೇಳಿದ್ದು ಕಥೆಯ ಹಾಳೆ ವಿಷಯ.

ನಲಿಕಲಿ ಮೇಷ್ಟ್ರು: ನಿಮ್ಮಿಬ್ಬರ ಜಗಳದಲ್ಲಿ ಹಾಳಾಗೋದು ನಮ್ಮ ಪಿರಿಯಡ್ಡು. ಸ್ಯಾಟ್ಸ್ (ಮಕ್ಕಳ ಮಾಹಿತಿಯ ಸರ್ಕಾರಿ ಆನ್‌ಲೈನ್ ದಾಖಲೆ) ತುಂಬಬೇಕು, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದ ಮಾಹಿತಿ ಅವತ್ತೇ ಕಳಿಸಬೇಕು, ಅದರ ಮೇಲೆ ಟ್ಯಾಬ್ ಹಿಡಿದು ನೀವು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಚಟುವಟಿಕೆ ಮೂಲಕ ಕಲಿಸುವ ನಲಿಕಲಿ ಶುರುವಾಯ್ತು. ಯಾವ ಮಗು ಕಲಿಕೆಯ ಯಾವ ಮೈಲಿಗಲ್ಲಿನಲ್ಲಿದೆ ಅಂತ ನಮ್ಮ ಪ್ರಗತಿ ನೋಟ ಅನ್ನೋ ದಾಖಲೆಯಲ್ಲೇ ಇದೆ. ಇಷ್ಟು ವರ್ಷದಲ್ಲಿ ಒಬ್ಬ ಮೌಲ್ಯಮಾಪಕನೂ ಅದನ್ನು ಕೇಳಿಲ್ಲ.

ಲೆಕ್ಕದಕ್ಕ: ಮೇಷ್ಟ್ರೇ, ನಲಿಕಲಿ ಇರೋದು 3ನೇ ತರಗತಿವರೆಗೆ. ಅವರು ಕೇಳಿದ್ದು 4, 5.

ನಲಿಕಲಿ ಮೇಷ್ಟ್ರು: 4ಕ್ಕೆ ಬರೋ ಮಕ್ಕಳು ಆಕಾಶದಿಂದ ಉದುರ್ತಾವಾ? 3ರ ದಾಖಲೆ ತೆಗೆದು ನೋಡಿ ಅಂದೆ. ಅದಕ್ಕೆ ಜಿಎಸ್‌ಟಿ ಇಲ್ಲ.

ಕಲ್ಬುರ್ಗಿಯವ: ಟ್ಯಾಬ್ ಅಂದಿರಲ್ಲ, ಅದರದ್ದೂ ಕೇಳಿ. ನೆಟ್‌ವರ್ಕ್ ಇಲ್ಲದ ಊರಲ್ಲಿ ತುಂಬಿದ ಫಾರಂ ಯಾವುದೂ ಸರ್ವರ್‌ಗೆ ಹೋಗಿರಲಿಲ್ಲ. ಯಾರೋ ಆಪ್ ತೆಗೆದು ಮತ್ತೆ ಹಾಕಿದರು. ಎಲ್ಲಾ ಢಮಾರ್. ಹಾಳೆಯೇ ವಾಸಿ.

ಲೆಕ್ಕದಕ್ಕ: ಹಾಳೆಯಿಂದ ಕಂಪ್ಯೂಟರಿಗೆ ಏರಿಸುವಾಗ ಮಕ್ಕಳ ಹೆಸರು ಅದಲು ಬದಲಾಗೋದು ಯಾರ ತಪ್ಪು?

ಸಂಜೆಶಾಲೆ: ನಮ್ಮ ಹತ್ತಿರ ಒಟ್ಟು ಇರೋದೇ 60 ಸಾವಿರ...

ಲೆಕ್ಕದಕ್ಕ: ಹಾಗಾದರೆ ಪಕ್ಕದ ತಾಲೂಕಿನ ಸಂಸ್ಥೆ ಜೊತೆ ಮಾತಾಡಿ. ಅವರ ಕಾರ್ಯಕರ್ತೆಯರು ನಿಮ್ಮ ಮಕ್ಕಳನ್ನು ಓದಿಸಲಿ, ನಿಮ್ಮವರು ಅವರ ಮಕ್ಕಳನ್ನು. ಭಾಷೆನೂ ಒಂದೇ, ಮುಲಾಜೂ ಇರಲ್ಲ. ಕಥೆ ಮಾತ್ರ ಹೊಸದಿರಲಿ.

ಕಲ್ಬುರ್ಗಿಯವ: ಪೆಟ್ರೋಲ್ ಯಾರು ಹಾಕಿಸ್ತಾರೆ, ಅದನ್ನೂ ಹೇಳಿಬಿಡಿ ಅಕ್ಕ.