ಯುರೋಪಿಗೆ ಒಂದೇ ಆಶ್ರಯ ನೀತಿ ಏಕೆ ಇಷ್ಟು ಕಷ್ಟ?

ಪ್ರಶ್ನೆ: 1999ರಲ್ಲಿ ಫಿನ್ಲೆಂಡಿನ ಟಾಂಪರೆಯಲ್ಲಿ ನಡೆದ ಶೃಂಗಸಭೆಯಲ್ಲೇ ನಿರಾಶ್ರಿತರಿಗಾಗಿ ಸಮಾನ ಆಶ್ರಯ ವ್ಯವಸ್ಥೆಗೆ ಒಪ್ಪಿದ್ದ ಐರೋಪ್ಯ ಒಕ್ಕೂಟದ ದೇಶಗಳು ಇಂದಿಗೂ ಹೊಣೆ ಹಂಚಿಕೊಳ್ಳಲು ಹಿಂದೇಟು ಹಾಕುವುದೇಕೆ?

ಉತ್ತರ: ಆಶ್ರಯದ ಅರ್ಜಿಯನ್ನು ಯಾವ ದೇಶ ನೋಡಬೇಕೆಂದು ಗೊತ್ತುಪಡಿಸುವ ಡಬ್ಲಿನ್ ನಿಯಮವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಅರ್ಜಿಯನ್ನು ಪರಿಶೀಲಿಸಬೇಕಾದ್ದರಿಂದ, ಗ್ರೀಸಿನ ಲೆಸ್ಬೋಸ್ ದ್ವೀಪದಲ್ಲಿ ದೋಣಿಯಿಂದಿಳಿದು ಬೆರಳಚ್ಚು ಕೊಟ್ಟ ಯುವಕನು ಜರ್ಮನಿಯಲ್ಲಿರುವ ಅಣ್ಣನನ್ನು ಸೇರಲು ಬಯಸಿದರೂ ಅವನ ಹೊಣೆ ಗ್ರೀಸಿನ ಹೆಗಲಿಗೇ ಬೀಳುತ್ತದೆ. ಇದು ಆ ಯುವಕನಿಗೂ ಗ್ರೀಸಿಗೂ ಅನ್ಯಾಯ.

ಇನ್ನೊಂದು ಉತ್ತರ: 2015ರಲ್ಲಿ ಒಕ್ಕೂಟವು ಇಟಲಿ ಮತ್ತು ಗ್ರೀಸ್‌ನಿಂದ ಆಶ್ರಯ ಕೋರಿದ 1,60,000 ಜನರನ್ನು ಇತರ ಸದಸ್ಯ ದೇಶಗಳಿಗೆ ಸ್ಥಳಾಂತರಿಸುವ ಗುರಿಯಿಟ್ಟರೂ, ಸುಮಾರು 35,000 ಮಂದಿಗಷ್ಟೇ ಆ ಅವಕಾಶ ದೊರೆಯಿತು. ಒಕ್ಕೂಟದ 2024ರ ವಲಸೆ ಮತ್ತು ಆಶ್ರಯ ಒಪ್ಪಂದದಲ್ಲಿ, ಜನರನ್ನು ಸ್ವೀಕರಿಸದ ದೇಶವು ಅದರ ಬದಲಿಗೆ ಒಬ್ಬ ವ್ಯಕ್ತಿಗೆ 20,000 ಯೂರೊ ಲೆಕ್ಕದಲ್ಲಿ ಹಣ ನೀಡಬಹುದು.

ಪ್ರಶ್ನಿಸಿದವರು: ಧನ್ಯವಾದ. ಆದರೆ ಎಲ್ಲರೂ ಹಣವನ್ನೇ ಆರಿಸಿಕೊಂಡರೆ, ಗಡಿ ಶಿಬಿರಗಳಲ್ಲಿ ಕಾಯುತ್ತಿರುವವರು ಎಲ್ಲಿಗೆ ಹೋಗಬೇಕು?