ಸರ್ವರ್ ಹೆಸರು ಸಿಗವಲ್ದು: ಕಲಬುರಗಿ ಗುಂಪಿನ ಪ್ರಶ್ನೋತ್ತರ

ನೆಟ್‌ವರ್ಕ್ ಎಂಜಿನಿಯರ್: ಇವತ್ತ ರಾತ್ರಿ ಡಿಎನ್‌ಎಸ್ (ಕಂಪ್ಯೂಟರ್ ಹೆಸರಿಗೆ ವಿಳಾಸ ಹುಡುಕಿ ಕೊಡೋ ವ್ಯವಸ್ಥೆ) ಪ್ರಶ್ನೆ ಕೇಳ್ರಿ. ಕಮಾಂಡ್ ಕೊಟ್ಟಾಗ ಏನ್ ಬಂತೋ ಅದನ್ನ ಹಂಗೇ ಹಾಕ್ರಿ.

ದಾಲ್ ಮಿಲ್, ಹುಮನಾಬಾದ್ ರಸ್ತೆ: ಸರ್, ಹೋದ ವಾರ ಹೊಸ ರೌಟರ್ ಕೂಡ್ಸಿದ್ರು. ಸರ್ವರ್ ವಿಳಾಸ 192.168.0.10 ಇದ್ದದ್ದು 192.168.1.10 ಆಗ್ಯದ. ಹಳೇ ಗುಮಾಸ್ತರು ಲಾಗಿನ್ ಆಗ್ಲಾಕತ್ತಾರ, ತೊಗರಿ ಸೀಜನ್ನಿಗೆ ಬಂದ ಹೊಸ ಹುಡುಗಗ ಮಾತ್ರ ಡೊಮೇನ್ (ಆಫೀಸಿನ ಎಲ್ಲಾರ ಅಕೌಂಟ್ ಒಂದೇ ಕಡೆ ಇಡೋ ವಿಂಡೋಸ್ ವ್ಯವಸ್ಥೆ) ಸಿಗವಲ್ದು. ಸರ್ವರಿನಾಗ ನಮ್ಮ ಡೊಮೇನ್ ಹೆಸರಿಗೆ ಎನ್‌ಎಸ್‌ಲುಕಪ್ (ಡಿಎನ್‌ಎಸ್‌ಗೆ ಹೆಸರು ಕೇಳೋ ಕಮಾಂಡ್) ಕೊಟ್ರ ‘ಸರ್ವರ್: ಡಿಎನ್‌ಎಸ್.ಗೂಗಲ್, ವಿಳಾಸ: 8.8.8.8’, ಕೆಳಗ ‘ಇಂಥ ಡೊಮೇನ್ ಇಲ್ಲ’ ಅಂತ ಬರ್ತದ. ರೌಟರ್ ಹಾಕಿದವ್ರು ಸರ್ವರಿನ ಡೊಮೇನ್ ನಡಸೋ ರೋಲ್ ತೆಗದು ಮತ್ತ ಹಾಕ್ತೀವಿ ಅಂತಾರ.

ಎಂಜಿನಿಯರ್: ರೋಲ್ ತೆಗೀಲಾಕ ಬಿಡಬ್ಯಾಡ್ರಿ! ಇರೋದು ಒಂದೇ ಡೊಮೇನ್ ಕಂಟ್ರೋಲರ್, ಅಂದ್ರ ಡೊಮೇನ್ ನಡಸೋ ಸರ್ವರ್. ಅದನ್ನ ತೆಗದ್ರ ಡೊಮೇನ್ ಜೋಡಿ ಎಲ್ಲಾರ ಅಕೌಂಟೂ ಹೋಗ್ತಾವ. ಹಳಬರು ಒಳಗ ಹೋಗೋದು ಸರ್ವರ್ ಕೇಳಿ ಅಲ್ಲ. ಮೊದಲು ಲಾಗಿನ್ ಆದವರ ಗುರುತು ವಿಂಡೋಸ್ ಆಯಾ ಕಂಪ್ಯೂಟರಿನಾಗೇ ಇಟ್ಕೊಂಡಿರ್ತದ. ಹೊಸ ಹುಡುಗಂದು ಅಲ್ಲಿಲ್ಲ.

ಉತ್ತರ ಕೊಟ್ಟಾಂವ ಯಾರು ಅಂತ ಎನ್‌ಎಸ್‌ಲುಕಪ್ಪಿನ ಮೊದಲ ಎರಡು ಸಾಲಿನಾಗೇ ಅದ ನೋಡ್ರಿ. ನಿಮ್ಮ ಮಿಲ್ಲಿನ ಒಳಗಿನ ಹೆಸರು ಗೂಗಲ್‌ಗೆ ಗೊತ್ತಿಲ್ಲ, ಸರ್ವರ್ ಕಳಿಸೋ ನೋಂದಣೀನೂ ಅದು ತಗೋಳಂಗಿಲ್ಲ. ಸರ್ವರಿನ ನೆಟ್‌ವರ್ಕ್ ಕಾರ್ಡಿನಾಗ ಡಿಎನ್‌ಎಸ್ ಅಂತ ಅದರದೇ ವಿಳಾಸ 192.168.1.10 ಹಾಕ್ರಿ. 8.8.8.8 ಎರಡನೇ ಸಾಲಿನಾಗೂ ಬ್ಯಾಡ, ಅದು ಫಾರ್ವರ್ಡರಿನಾಗ (ಸರ್ವರಿಗೆ ಗೊತ್ತಿಲ್ಲದ ಹೆಸರು ಯಾರಿಗೆ ಕೇಳ್ಬೇಕು ಅಂತ ಬರಿಯೋ ಜಾಗ) ಇರಲಿ. ಆಮ್ಯಾಲ ‘ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್‌ಎಸ್’, ‘ಎನ್‌ಎಲ್‌ಟೆಸ್ಟ್ /ಡಿಎಸ್‌ರೆಗ್‌ಡಿಎನ್‌ಎಸ್’. ಮೊದಲ್ನೇದು ಸರ್ವರ್ ವಿಳಾಸ ಬರಸ್ತದ, ಎರಡನೇದು ಡೊಮೇನ್ ಎಲ್ಲದ ಅಂತ ತೋರ್ಸೋ ಎಸ್‌ಆರ್‌ವಿ ದಾಖಲೆ. ಉಳಿದ ಕಂಪ್ಯೂಟರಿಗೂ ಡಿಎನ್‌ಎಸ್ ಇದೇ ಸರ್ವರ್ ಆಗ್ಬೇಕು.

ಆಳಂದ: ಫ್ಲಶ್‌ಡಿಎನ್‌ಎಸ್ ಕೊಟ್ರ ಸಾಕಲ್ರಿ?

ಎಂಜಿನಿಯರ್: ಇಲ್ಲ. ಅದು ಆ ಕಂಪ್ಯೂಟರಿನ ಕ್ಯಾಶ್ (ನೆನಪಿಟ್ಟ ಹಳೇ ಉತ್ತರ) ಅಷ್ಟೇ ಅಳಸ್ತದ.



ಶಹಾಬಾದ್: ‘ಎಲ್ಲಾ ಮಷೀನಿಗೂ 8.8.8.8 ಹಾಕ್ರಿ, ನೆಟ್ ಜೋರ್ ಓಡ್ತದ’ ಅಂತ ಮೆಸೇಜ್ ಬಂದಿತ್ತಲ್ರಿ.

ಎಂಜಿನಿಯರ್: 8.8.8.8 ಹಾಕಿದ್ದಕ್ಕೇ ಮಿಲ್ಲಿನ ಹುಡುಗನ ಕೆಲಸ ನಿಂತದ. ಡೊಮೇನ್ ಇರೋ ಆಫೀಸಿನಾಗ ಹಂಗ ಮಾಡಬಾರದು. ದಯವಿಟ್ಟು ಆ ಮೆಸೇಜ್ ಮುಂದ ಕಳಿಸಬ್ಯಾಡ್ರಿ.

ಜೇವರ್ಗಿ ರಸ್ತೆ: ಇಷ್ಟೆಲ್ಲಾ ಯಾಕ? ಹೋಸ್ಟ್ಸ್ ಫೈಲಿನಾಗ (ಆಯಾ ಕಂಪ್ಯೂಟರಿನಾಗೇ ಹೆಸರು, ವಿಳಾಸ ಬರದಿಡೋ ಫೈಲ್) ಒಂದು ಸಾಲು ಬರೀರಿ. ನಮ್ಮಲ್ಲಿ ಪಿಂಗ್ (ಸರ್ವರ್ ಮುಟ್ತದೋ ಇಲ್ಲೋ ನೋಡೋ ಕಮಾಂಡ್) ಬರ್ತದ.

ಕಾಲೇಜ್ ಲ್ಯಾಬ್: ಪಿಂಗ್ ಆ ಫೈಲ್ ಓದ್ತದ, ಎನ್‌ಎಸ್‌ಲುಕಪ್ ಓದಂಗಿಲ್ಲ. ಎಸ್‌ಆರ್‌ವಿ ದಾಖಲೆ ಅದ್ರಾಗ ಬರೀಲಾಕೇ ಬರಂಗಿಲ್ಲ.

ಜೇವರ್ಗಿ ರಸ್ತೆ: ಹತ್ತು ವರ್ಷದಿಂದ ಮಾಡ್ಲಾಕತ್ತೀನಿ, ನೀ ನನಗ ಕಲಸ್ಬ್ಯಾಡ.

ಕಾಲೇಜ್ ಲ್ಯಾಬ್: ನಾಳೆ ಸರ್ವರ್ ವಿಳಾಸ ಬದಲಾದ್ರ ಒಂದೊಂದೇ ಮಷೀನಿಗೆ ಹೋಗಿ ತಿದ್ದಾಂವ ಯಾರು, ನೀವೇನು?

ಯಾದಗಿರಿ: ಸರ್, ಫ್ಲಶ್‌ಡಿಎನ್‌ಎಸ್ ಕೊಟ್ರ ಆಗ್ತದೇನ್ರಿ?

ಎಂಜಿನಿಯರ್: ಮ್ಯಾಲ ಓದ್ರಿ.

ದಾಲ್ ಮಿಲ್: ಎಲ್ಲಾ ಮಾಡಿದೆ ಸರ್. ಎನ್‌ಎಸ್‌ಲುಕಪ್ಪಿನಾಗ ‘ಸೆಟ್ ಟೈಪ್=ಎಸ್‌ಆರ್‌ವಿ’ ಕೊಟ್ಟು ‘_ಎಲ್‌ಡ್ಯಾಪ್._ಟಿಸಿಪಿ.ಡಿಸಿ._ಎಂಎಸ್‌ಡಿಸಿಎಸ್’, ಮುಂದ ನಮ್ಮ ಡೊಮೇನ್ ಹಾಕಿ ಕೇಳಿದೆ. ಪೋರ್ಟ್ 389, ಸರ್ವರ್ ಹೆಸರು, 1.10 ಬಂತು. ಡೊಮೇನ್ ಹೆಸರಿಗೆ ಮಾತ್ರ ಹಳೇ 0.10 ಇನ್ನೂ ಕಾಣ್ತದ.

ಎಂಜಿನಿಯರ್: ಡಿಎನ್‌ಎಸ್ ಮ್ಯಾನೇಜರ್ ತೆಗದು ಆ ಹಳೇ 0.10 ಸಾಲು ಕೈಯಿಂದ ಅಳಸ್ರಿ. ಹೊಸ ಹುಡುಗನ ಮಷೀನ್ ರಿಸ್ಟಾರ್ಟ್ ಮಾಡ್ರಿ.

ದಾಲ್ ಮಿಲ್: ಹುಡುಗ ಲಾಗಿನ್ ಆದ ಸರ್!

ಎಂಜಿನಿಯರ್: ಸರ್ವರಿಂದು ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಡೊಮೇನ್ ಅಕೌಂಟೂ ಸೇರಿದ ನಕಲು) ಅದ ಏನ್ರಿ?

ದಾಲ್ ಮಿಲ್: ಇಲ್ರಿ.

ಎಂಜಿನಿಯರ್: ಇವತ್ತೇ ಎಕ್ಸ್‌ಟರ್ನಲ್ ಡಿಸ್ಕಿಗೆ ತಗೋರಿ. ಮುಗದ ಮ್ಯಾಲ ಡಿಸ್ಕಿನ ಕೇಬಲ್ ಬಿಚ್ಚಿ ಕಪಾಟಿನಾಗ ಇಡ್ರಿ.