ನರರೋಗ ವೈದ್ಯರನ್ನು ಕೇಳಿ: ಮೈ ತಾನಾಗಿ ಮಾಡುವ ಕೆಲಸಗಳು

ಹಾಸನದ ಸದಸ್ಯ: ಮೇಡಂ, ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಎದ್ದುಬಿಡುತ್ತದೆ. ಬೇಡ ಅಂದುಕೊಂಡರೂ ತಡೆಯೋಕೆ ಆಗಲ್ಲ. ಯಾಕೆ?

ಡಾಕ್ಟರ್: ಆ ಸಂದೇಶ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ವಾಪಸ್ ಬರುತ್ತದೆ. ಮೆದುಳಿಗೆ ಗೊತ್ತಾಗುವಷ್ಟರಲ್ಲಿ ಕಾಲು ಎದ್ದಿರುತ್ತದೆ. ಹಾಗಂತ ಮೆದುಳು ಸುಮ್ನೆ ಕೂತಿಲ್ಲ, ಮೇಲಿನಿಂದ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಲಕ್ವ ಹೊಡೆದು ಕೆಲವು ದಿನವಾದವರಲ್ಲಿ ಆ ಹಿಡಿತ ತಪ್ಪಿ ಕಾಲು ಜೋರಾಗಿ ಎಗರುತ್ತದೆ.

ಮಂಡ್ಯದ ಸದಸ್ಯ: ಬಿಕ್ಕಳಿಕೆ ನಿಲ್ಲಿಸೋದು ಹೇಗೆ?

ಡಾಕ್ಟರ್: ಸ್ವಲ್ಪ ಹೊತ್ತು ಉಸಿರು ಹಿಡಿಯಿರಿ. 48 ಗಂಟೆ ದಾಟಿದರೆ ಡಾಕ್ಟರಿಗೆ ತೋರಿಸಿ.

ತುಮಕೂರಿನ ಸದಸ್ಯೆ: ಮೇಡಂ, ಅಪ್ಪನಿಗೆ ಹೋದ ವಾರ ಲಕ್ವ ಹೊಡೆಯಿತು. ಈಗ ಮನೆಗೆ ಕರೆತಂದಿದ್ದೇವೆ. ನೀರು ಕುಡಿದ ಮೇಲೆ ಗಂಟಲು ಗೊರಗೊರ ಅನ್ನುತ್ತದೆ. ಕೆಮ್ಮು ಬರಲ್ಲ, ಅದಕ್ಕೇ ಸುಮ್ನಿದ್ದೆವು. ಸಂಜೆ ಹೊತ್ತು ಮೈ ಬಿಸಿ ಇರುತ್ತದೆ.

ಡಾಕ್ಟರ್: ಅಮ್ಮಾ, ಕೆಮ್ಮು ಬರದಿರುವುದೇ ನನಗೆ ಭಯ. ನುಂಗಲು ಶುರು ಮಾಡುವುದು ನಾವು. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಿತು ಅಂದರೆ ಮುಂದಿನದೆಲ್ಲ ತಾನಾಗಿ ನಡೆಯುತ್ತದೆ. ಗಂಟಲ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಧ್ವನಿಪೆಟ್ಟಿಗೆ ಮೇಲೆ ಹೋಗಿ ಇಳಿಯುತ್ತದೆ. ಅದೇ ಹೊತ್ತಿಗೆ ಶ್ವಾಸನಾಳದ ಬಾಯಿ ಮುಚ್ಚುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ. ಇಷ್ಟಾದರೂ ದಾರಿ ತಪ್ಪಿದ ಹನಿಯನ್ನು ಕೆಮ್ಮು ಹೊರಗೆ ಹಾಕುತ್ತದೆ. ಲಕ್ವದಿಂದ ಗಂಟಲಿನ ಸ್ಪರ್ಶವೇ ಮಂಕಾದರೆ ಕೆಮ್ಮು ಏಳುವುದಿಲ್ಲ. ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಈಗಲೇ ಆಸ್ಪತ್ರೆಗೆ ಹೊರಡಿ. ಅಲ್ಲಿವರೆಗೆ ನೀರು, ಗಂಜಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ.

ದಾವಣಗೆರೆಯ ಸದಸ್ಯ: ಲಕ್ವಕ್ಕೆ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ವಾಸಿ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ದಯವಿಟ್ಟು ಅಳಿಸಿ. ಇದು ಸುಳ್ಳು. ಚುಚ್ಚಿದಾಗ ಕೈ ಹಿಂದಕ್ಕೆ ಎಳೆದುಕೊಂಡರೆ ಅದು ಬೆನ್ನುಹುರಿಯ ಕೆಲಸ, ಮೆದುಳು ಚೇತರಿಸಿಕೊಂಡಿತು ಅಂತಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಸೂಜಿ ಹುಡುಕುತ್ತಾ ಕೂತರೆ ಆ ಹೊತ್ತು ಕಳೆದುಹೋಗುತ್ತದೆ.

ದಾವಣಗೆರೆಯ ಸದಸ್ಯ: ಹಿರಿಯರು ಹೇಳಿದ್ದೆಲ್ಲ ಸುಳ್ಳಾ? ಯೋಗಿಗಳು ಉಸಿರನ್ನೇ ನಿಲ್ಲಿಸುತ್ತಿದ್ದರು. ಮನಸ್ಸು ಗಟ್ಟಿಯಿದ್ದರೆ ಮೈ ಮಾತು ಕೇಳುತ್ತದೆ.

ಶಿರಸಿಯ ಸದಸ್ಯ: ಸ್ವಲ್ಪ ಹೊತ್ತು ಹಿಡಿಯಬಹುದು ಸ್ವಾಮಿ. ಆಮೇಲೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಉಸಿರು ಎಳೆದುಕೊಳ್ಳಲೇಬೇಕಾಗುತ್ತದೆ. ನಾನೂ ದಿನಾ ಪ್ರಾಣಾಯಾಮ ಮಾಡುವವನೇ.

ದಾವಣಗೆರೆಯ ಸದಸ್ಯ: ನೀವು ಮಾಡುವ ಕ್ರಮ ಸರಿ ಇಲ್ಲ ಬಿಡಿ.

ಶಿರಸಿಯ ಸದಸ್ಯ: ಒಬ್ಬರ ಅಪ್ಪ ಜ್ವರದಲ್ಲಿ ಮಲಗಿದ್ದಾರೆ. ನಿಮ್ಮ ವಾದ ಬೇರೆ ಕಡೆ ಇಟ್ಟುಕೊಳ್ಳಿ.

ಮೈಸೂರಿನ ಸದಸ್ಯೆ: ಬಿಸಿಲಿಗೆ ಬಂದ ತಕ್ಷಣ ನನಗೆ ಸೀನು ಬರುತ್ತದೆ. ಯಾಕೆ ಮೇಡಂ?

ಬಳ್ಳಾರಿಯ ಸದಸ್ಯ: ಬಿಕ್ಕಳಿಕೆಗೆ ಏನು ಮಾಡಬೇಕು?

ಡಾಕ್ಟರ್: ಮೇಲೆ ಓದಿ.

ದಾವಣಗೆರೆಯ ಸದಸ್ಯ: ಡಾಕ್ಟರುಗಳಿಗೆ ಯೋಗ ಅಂದರೆ ಆಗಲ್ಲ.

ಡಾಕ್ಟರ್: ಯೋಗದ ಮಾತು ನಾನು ಎತ್ತಿಲ್ಲ. ಸೂಜಿಯ ಮೆಸೇಜು ಇನ್ನೂ ಇಲ್ಲೇ ಇದೆ. ಅಡ್ಮಿನ್, ತೆಗೆಯಿರಿ. ತುಮಕೂರಿನವರೇ, ಹೊರಟಿರಾ?

ತುಮಕೂರಿನ ಸದಸ್ಯೆ: ಆಟೊ ಬಂದಿದೆ ಮೇಡಂ. ದೊಡ್ಡಮ್ಮ ಒಂದು ಲೋಟ ಎಳನೀರು ಕುಡಿಸಿ ಹೋಗಿ ಅಂತಿದ್ದಾರೆ.

ಡಾಕ್ಟರ್: ಬೇಡ. ಒಂದು ಚಮಚವೂ ಬೇಡ. ಮಲಗಿಸಬೇಡಿ, ನೆಟ್ಟಗೆ ಕೂರಿಸಿಕೊಂಡು ಹೋಗಿ.